ಟ್ಯಾಂಕರ್ ಮೇಲಿನ ಆ ಕಿತ್ತಳೆ ಫಲಕ ಏನು ಹೇಳುತ್ತದೆ? ಅಪಾಯಕಾರಿ ಸರಕಿನ ಲಾರಿಗಳ ಸುರಕ್ಷತಾ ನಿಯಮಗಳು

2024ರ ಡಿಸೆಂಬರ್ 20ರ ನಸುಕಿನಲ್ಲಿ ಜೈಪುರ-ಅಜ್ಮೀರ್ ಹೆದ್ದಾರಿಯಲ್ಲಿ ಎಲ್‌ಪಿಜಿ ಟ್ಯಾಂಕರೊಂದು ಯು-ಟರ್ನ್ ತೆಗೆದುಕೊಳ್ಳುತ್ತಿತ್ತು. ಇನ್ನೊಂದು ಲಾರಿ ಬಂದು ಗುದ್ದಿತು. ವಾಲ್ವ್‌ಗಳು ಮುರಿದು ಅನಿಲ ಸೋರಿತು, ರಸ್ತೆಯುದ್ದಕ್ಕೂ ಹರಡಿತು, ಆಮೇಲೆ ಬೆಂಕಿ ಹತ್ತಿತು. ಸುಟ್ಟುಹೋದ ವಾಹನಗಳು ಮೂವತ್ತಕ್ಕೂ ಜಾಸ್ತಿ. ಸತ್ತವರಲ್ಲಿ ಹೆಚ್ಚಿನವರಿಗೆ ಆ ಟ್ಯಾಂಕರ್‌ಗೂ ತಮಗೂ ಯಾವ ಸಂಬಂಧವೂ ಇರಲಿಲ್ಲ. ಅದೇ ರಸ್ತೆಯಲ್ಲಿ ಹೋಗುತ್ತಿದ್ದರು, ಅಷ್ಟೇ.

ಇಂಥ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಒಂದೇ: ಇಷ್ಟು ಅಪಾಯದ ವಸ್ತುವನ್ನು ರಸ್ತೆ ಮೇಲೆ ಬಿಡುವಾಗ ನಿಯಮ ಗಿಯಮ ಏನೂ ಇಲ್ವಾ? ಇವೆ. ಬೇಕಾದಷ್ಟಿವೆ. ಬರೀ ಪಟ್ಟಿ ಓದಿದರೆ ಅವು ತಲೆಗೆ ಹತ್ತುವುದಿಲ್ಲ. ಒಳಗಿರುವ ಸರಕಿನ ಸ್ವಭಾವ ಗೊತ್ತಾದರೆ ಮಾತ್ರ, ಈ ನಿಯಮ ಯಾಕೆ ಬಂತು ಅನ್ನುವುದು ತಾನಾಗಿ ಅರ್ಥವಾಗುತ್ತದೆ. ಪೆಟ್ರೋಲ್ ಆವಿಯಾಗುತ್ತದೆ, ಅನಿಲ ಹಿಗ್ಗುತ್ತದೆ, ಆಸಿಡ್ ಕೊರೆಯುತ್ತದೆ. ಪ್ರತಿ ನಿಯಮದ ಹಿಂದೆಯೂ ಇಂಥದ್ದೊಂದು ಕಾರಣ ಇದೆ.

ಯಾವುದು ಅಪಾಯಕಾರಿ ಸರಕು?

ಪೆಟ್ರೋಲ್, ಗ್ಯಾಸು, ಪಟಾಕಿ ಅಪಾಯ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬ್ಲೀಚ್, ಪೇಂಟ್, ಸುಗಂಧದ್ರವ್ಯ, ಫೋನಿನ ಬ್ಯಾಟರಿ ಕೂಡ ದೊಡ್ಡ ಪ್ರಮಾಣದಲ್ಲಿ ಸಾಗಿಸುವಾಗ ಇದೇ ಪಟ್ಟಿಗೆ ಸೇರುತ್ತವೆ. ಪಟ್ಟಿ ಮಾಡಿದ್ದು ವಿಶ್ವಸಂಸ್ಥೆಯ ತಜ್ಞರ ಸಮಿತಿ. ಅದರ ಶಿಫಾರಸುಗಳು ಮೊದಲು ಪ್ರಕಟವಾದದ್ದು 1956ರಲ್ಲಿ. ಕಿತ್ತಳೆ ಬಣ್ಣದ ರಕ್ಷಾಪುಟ ಇರುವುದರಿಂದ ಈ ಕ್ಷೇತ್ರದವರೆಲ್ಲ ಅದನ್ನು ‘ಆರೆಂಜ್ ಬುಕ್’ ಅಂತಲೇ ಕರೆಯುತ್ತಾರೆ. ಎರಡು ವರ್ಷಕ್ಕೊಮ್ಮೆ ಅದು ಪರಿಷ್ಕರಣೆಯಾಗುತ್ತದೆ.

ಅದರ ಪ್ರಕಾರ ಅಪಾಯಕಾರಿ ಸರಕಿನಲ್ಲಿ 9 ವರ್ಗ. 1 ಸ್ಫೋಟಕಗಳು. 2 ಅನಿಲಗಳು. 3 ಬೇಗ ಹೊತ್ತಿಕೊಳ್ಳುವ ದ್ರವಗಳು. 4ರಲ್ಲಿ ಹೊತ್ತಿಕೊಳ್ಳುವ ಘನವಸ್ತುಗಳಿವೆ, ತಾವಾಗಿಯೇ ಉರಿಯುವಂಥವೂ ನೀರು ತಗುಲಿದರೆ ಕೆರಳುವಂಥವೂ ಇಲ್ಲೇ ಬರುತ್ತವೆ. 5ರ ಹಲವು ವಸ್ತುಗಳು ತಾವೇ ಉರಿಯದಿದ್ದರೂ ಆಮ್ಲಜನಕ ಬಿಟ್ಟು ಬೇರೆಯದರ ಬೆಂಕಿಯನ್ನು ಹೆಚ್ಚಿಸುತ್ತವೆ. 6 ವಿಷ ಮತ್ತು ಸೋಂಕು ಹರಡುವ ವಸ್ತುಗಳು. 7 ವಿಕಿರಣ ಸೂಸುವಂಥವು. 8 ಚರ್ಮವನ್ನೂ ಲೋಹವನ್ನೂ ತಿನ್ನುವಂಥವು. ಇವ್ಯಾವುದಕ್ಕೂ ಸೇರದೆ ಉಳಿದದ್ದು 9. ಲಿಥಿಯಂ ಬ್ಯಾಟರಿ ಇರುವುದು ಈ ಕೊನೆಯ ವರ್ಗದಲ್ಲಿ.

ಆರೆಂಜ್ ಬುಕ್ ಕಾನೂನಲ್ಲ, ಮಾದರಿ. ದೇಶಗಳು ಅದನ್ನು ನೋಡಿಕೊಂಡು ತಮ್ಮ ಕಾನೂನು ಬರೆಯುತ್ತವೆ. ಇಂಥ ಸರಕನ್ನು ರಸ್ತೆಯಲ್ಲಿ ಸಾಗಿಸುವ ಬಗ್ಗೆ ಯುರೋಪಿನ ದೇಶಗಳು 1957ರಲ್ಲಿ ಜಿನೀವಾದಲ್ಲಿ ಎಡಿಆರ್ ಅನ್ನುವ ಒಪ್ಪಂದ ಮಾಡಿಕೊಂಡವು. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರವರೆಗಿನ ನಿಯಮಗಳು ಇದಕ್ಕೇ ಮೀಸಲು. ವಿವರಗಳು ಬೇರೆ ಬೇರೆ ಇರಬಹುದು, ಬುನಾದಿ ಮಾತ್ರ ಒಂದೇ. ಹಾಗಾಗಿ ಒಂದು ದೇಶದ ಡ್ರಮ್ಮಿನ ಮೇಲಿನ ಗುರುತು ಇನ್ನೊಂದು ದೇಶದ ಅಗ್ನಿಶಾಮಕ ಸಿಬ್ಬಂದಿಗೂ ಅರ್ಥವಾಗುತ್ತದೆ.

ನಾಲ್ಕು ಅಂಕಿಯಲ್ಲಿ ಏನೇನಿದೆ

ಟ್ಯಾಂಕರ್ ಮೇಲೆ ಕಾಣುವ ನಾಲ್ಕು ಅಂಕಿಯ ಸಂಖ್ಯೆಗೆ ಯುಎನ್ ಸಂಖ್ಯೆ ಅನ್ನುತ್ತಾರೆ. ಪೆಟ್ರೋಲ್‌ಗೆ 1203, ಡೀಸೆಲ್‌ಗೆ 1202, ಎಲ್‌ಪಿಜಿಗೆ 1075, ಕ್ಲೋರಿನ್‌ಗೆ 1017, ಅಮೋನಿಯಾಕ್ಕೆ 1005, ಸಲ್ಫ್ಯೂರಿಕ್ ಆಸಿಡ್‌ಗೆ 1830. ಭಾಷೆ ಯಾವುದೇ ಇರಲಿ, ಸಂಖ್ಯೆ ಬದಲಾಗುವುದಿಲ್ಲ. ಹೊಸ ಸರಕು ರಸ್ತೆಗೆ ಬಂದರೆ ಹೊಸ ಸಂಖ್ಯೆ ಸಿಗುತ್ತದೆ. ಸೋಡಿಯಂ-ಅಯಾನ್ ಬ್ಯಾಟರಿಗೆ ಈಚೆಗಷ್ಟೇ 3551 ಸಿಕ್ಕಿತು.

ಯುರೋಪಿನ ಕಿತ್ತಳೆ ಫಲಕದ ಅಗಲ 40 ಸೆಂ.ಮೀ., ಎತ್ತರ 30 ಸೆಂ.ಮೀ. ಅದರಲ್ಲಿ ಎರಡು ಸಾಲು. ಕೆಳಗಿನದ್ದು ಯುಎನ್ ಸಂಖ್ಯೆ. ಮೇಲಿನದ್ದು ಅಪಾಯ ಎಂಥದ್ದು ಅಂತ ಹೇಳುತ್ತದೆ. ಪೆಟ್ರೋಲ್ ಟ್ಯಾಂಕರ್ ಮೇಲೆ 33, ಅದರಡಿ 1203. ಡೀಸೆಲ್ ಟ್ಯಾಂಕರ್ ಮೇಲೆ 30, ಅದರಡಿ 1202. 3 ಅಂದ್ರೆ ಹೊತ್ತಿಕೊಳ್ಳುವ ದ್ರವ. ಅಂಕಿ ಎರಡು ಸಲ ಬಂದರೆ ಆ ಅಪಾಯ ಜೋರಾಗಿದೆ ಅಂತ. ಅಂಕಿಯ ನಂತರ ಸೊನ್ನೆ ಇದ್ದರೆ ಆ ಒಂದೇ ಅಪಾಯ, ಬೇರೇನಿಲ್ಲ ಅಂತ. ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲ್‌ಗೆ ಅದಕ್ಕೆ 50 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. 33 ಮತ್ತು 30ರ ನಡುವಿನ ವ್ಯತ್ಯಾಸ ಇಷ್ಟು ದೊಡ್ಡದು.

ಅಮೋನಿಯಾ ಮೇಲೆ 268 ಅಂತ ಇರುತ್ತದೆ. 2 ಅನಿಲ, 6 ವಿಷ, 8 ತಿನ್ನುವ ಗುಣ. ಒಂದೊಂದೇ ಅಂಕಿ ಓದಿದರೆ ಸಾಕು. ಸಂಖ್ಯೆಯ ಶುರುವಿನಲ್ಲೇ ಎಕ್ಸ್ ಅಕ್ಷರ ಇದ್ದರೆ ನೀರು ಹಾಕಬಾರದು, ಹಾಕಿದರೆ ಪರಿಸ್ಥಿತಿ ಕೈ ಮೀರುತ್ತದೆ. ಸೋಡಿಯಂ ಲೋಹದ ಗುರುತು ಎಕ್ಸ್ 423. ಬೆಂಕಿ ಕಂಡ ತಕ್ಷಣ ನೀರು ಎರಚುವುದು ಎಲ್ಲರಿಗೂ ಅಭ್ಯಾಸ. ಆ ಒಂದು ಅಕ್ಷರ ಇರುವುದು ಆ ಕೈಯನ್ನು ತಡೆಯಲಿಕ್ಕೆ.

ಭಾರತದ ಫಲಕ ಸ್ವಲ್ಪ ಬೇರೆ ಥರ. ವಾಹನದ ಎರಡು ಪಕ್ಕ ಮತ್ತು ಹಿಂದೆ, ಒಟ್ಟು ಮೂರು ಕಡೆ ಇರಬೇಕು. ಸರಕಿನ ಸರಿಯಾದ ಹೆಸರು ಕನಿಷ್ಠ 50 ಮಿ.ಮೀ. ಎತ್ತರದ ಅಕ್ಷರದಲ್ಲಿ, ಸಂಖ್ಯೆ ಕನಿಷ್ಠ 100 ಮಿ.ಮೀ. ಎತ್ತರದಲ್ಲಿ, ವಜ್ರಾಕಾರದ ವರ್ಗಚಿಹ್ನೆ 250 ಮಿ.ಮೀ. ಅಳತೆಯಲ್ಲಿ ಇರಬೇಕು. ಜೊತೆಗೆ ಎರಡು ಫೋನ್ ನಂಬರ್. ಒಂದು ತುರ್ತು ಸೇವೆಯದ್ದು. ಇನ್ನೊಂದು ಸರಕು ಕಳಿಸಿದವರದ್ದು ಅಥವಾ ಆ ವಸ್ತುವಿನ ಬಗ್ಗೆ ತಿಳಿದವರದ್ದು. ಅಳತೆಯನ್ನು ಇಷ್ಟು ಖಚಿತವಾಗಿ ಬರೆದಿರುವುದು ಸುಮ್ನೆ ಅಲ್ಲ. ಫಲಕ ಓದಲು ಟ್ಯಾಂಕರ್ ಹತ್ತಿರ ಹೋಗಬೇಕಾಗಿ ಬಂದರೆ ಫಲಕ ಇದ್ದೂ ಪ್ರಯೋಜನವಿಲ್ಲ.

ಹ್ಯಾಜ್‌ಕೆಮ್ ಅನ್ನುವ ಚಿಕ್ಕ ಸಂಕೇತವೂ ಹಲವು ಕಡೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಶುರುವಾದ ಪದ್ಧತಿ ಇದು. ಅಗ್ನಿಶಾಮಕ ದಳ ಬಂದ ಕೂಡಲೇ ಏನು ಮಾಡಬೇಕು ಅಂತ ಎರಡು ಮೂರು ಅಕ್ಷರದಲ್ಲಿ ಹೇಳಿಬಿಡುತ್ತದೆ. ಪೆಟ್ರೋಲ್‌ಗೆ ‘3 ವೈ ಇ’. 3 ಅಂದ್ರೆ ನೊರೆ ಬಳಸಿ. ವೈ ಅಂದ್ರೆ ಉಸಿರಾಟದ ಸಾಧನ ಇಟ್ಟುಕೊಳ್ಳಿ, ಸೋರಿದ್ದು ಚರಂಡಿ ಸೇರದಂತೆ ತಡೆದು ನಿಲ್ಲಿಸಿ. ಇ ಅಂದ್ರೆ ಸುತ್ತಲಿನ ಜನರನ್ನು ತೆರವು ಮಾಡುವ ಬಗ್ಗೆ ಯೋಚಿಸಿ. ಪೆಟ್ರೋಲ್‌ಗೆ ನೀರಿನ ಬದಲು ನೊರೆ ಯಾಕೆ ಅಂದ್ರೆ, ಪೆಟ್ರೋಲ್ ನೀರಿಗಿಂತ ಹಗುರ. ಉರಿಯುತ್ತಲೇ ನೀರಿನ ಮೇಲೆ ತೇಲಿಕೊಂಡು ಹೊಸ ಹೊಸ ಜಾಗಕ್ಕೆ ಹೋಗುತ್ತದೆ.

ಟ್ಯಾಂಕ್ ಒಳಗೆ ನಡೆಯುವ ಗಲಾಟೆ

ಮರಳು ತುಂಬಿದ ಲಾರಿ ಬ್ರೇಕ್ ಹಾಕಿದರೆ ಮರಳು ಇದ್ದಲ್ಲೇ ಇರುತ್ತದೆ. ದ್ರವ ಇರುವುದಿಲ್ಲ. ಲಾರಿ ನಿಂತರೂ ಒಳಗಿನ ಹತ್ತಾರು ಟನ್ ದ್ರವ ಮುಂದಕ್ಕೆ ನುಗ್ಗಿ ಟ್ಯಾಂಕಿನ ಮುಂಗೋಡೆಗೆ ಬಡಿಯುತ್ತದೆ, ನಿಂತ ಲಾರಿಯನ್ನು ಮತ್ತೆ ಮುಂದೆ ತಳ್ಳುತ್ತದೆ. ತಿರುವಿನಲ್ಲಿ ಅದೇ ದ್ರವ ಹೊರಬದಿಗೆ ಏರಿ ವಾಹನವನ್ನು ಆ ಕಡೆಗೆ ಎಳೆಯುತ್ತದೆ. ಇದನ್ನು ತಡೆಯಲು ಟ್ಯಾಂಕಿನೊಳಗೆ ಅಡ್ಡಗೋಡೆಗಳಿರುತ್ತವೆ. ಕೆಲವು ಪೂರ್ತಿ ಮುಚ್ಚಿದ ಗೋಡೆಗಳು, ಟ್ಯಾಂಕನ್ನು ಬೇರೆ ಬೇರೆ ಕೋಣೆಗಳಾಗಿ ಒಡೆಯುತ್ತವೆ. ಇನ್ನು ಕೆಲವಕ್ಕೆ ತೂತುಗಳಿರುತ್ತವೆ. ದ್ರವ ಅವುಗಳ ಮೂಲಕ ದಾಟಬಹುದು, ಆದರೆ ರಭಸವಾಗಿ ನುಗ್ಗಲಾಗದು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೇವಲ್ಲ, ಎಡಿಆರ್ ನಿಯಮಗಳಲ್ಲಿ ಆ ಮಾತು ಲೆಕ್ಕದ ರೂಪದಲ್ಲೇ ಇದೆ. 7,500 ಲೀಟರ್ ಮೀರದ ಭಾಗಗಳಾಗಿ ಒಡೆದಿರದ ಟ್ಯಾಂಕಿನಲ್ಲಿ ದ್ರವ ಒಯ್ಯುವಾಗ ಶೇ 80ಕ್ಕಿಂತ ಕಡಿಮೆ ಇರಬಾರದು, ಇಲ್ಲವೇ ಶೇ 20ಕ್ಕಿಂತ ಜಾಸ್ತಿ ಇರಬಾರದು. ನಡುವಿನ ಅಳತೆಗೆ ಅವಕಾಶವಿಲ್ಲ. ಹೆಚ್ಚುಕಮ್ಮಿ ತುಂಬಿದ್ದರೆ ಅಲೆ ಏಳಲು ಜಾಗ ಇರುವುದಿಲ್ಲ. ತಳದಲ್ಲಿ ಸ್ವಲ್ಪವೇ ಇದ್ದರೆ ಅಲೆ ಎದ್ದರೂ ಲಾರಿಯನ್ನು ಎಳೆಯುವಷ್ಟು ತೂಕ ಇರುವುದಿಲ್ಲ. ಅರ್ಧ ತುಂಬಿದ್ದು ಎಲ್ಲಕ್ಕಿಂತ ಕೆಟ್ಟದ್ದು. ಕಡಿಮೆ ಸರಕು ಇದ್ದರೆ ಕಡಿಮೆ ಅಪಾಯ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಈ ಇಡೀ ನಿಯಮಾವಳಿಯಲ್ಲಿ ಅತಿ ಜಾಣತನದ ನಿಯಮ ಇದೇ ಅಂತ ನನಗನ್ನಿಸುತ್ತದೆ.

ಹಾಗಂತ ಕಂಠಮಟ್ಟ ತುಂಬುವಂತೆಯೂ ಇಲ್ಲ. ಬಿಸಿಯಾದರೆ ದ್ರವ ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೆ ಪೆಟ್ರೋಲು ಸಾವಿರ ಲೀಟರಿಗೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ. ಒತ್ತಡದಲ್ಲಿ ದ್ರವವಾಗಿರುವ ಅನಿಲಗಳು ಅದಕ್ಕಿಂತಲೂ ಬಹಳ ಜಾಸ್ತಿ. ಜಾಗ ಉಳಿದಿರದಿದ್ದರೆ ಆ ದ್ರವ ಉಕ್ಕಿನ ಟ್ಯಾಂಕನ್ನೇ ಒಳಗಿನಿಂದ ಒತ್ತುತ್ತದೆ. ಅದಕ್ಕೇ ಎಲ್‌ಪಿಜಿ ಟ್ಯಾಂಕಿನಲ್ಲಿ ಸುಮಾರು ಶೇ 15ರಿಂದ 20ರಷ್ಟು ಜಾಗ ಖಾಲಿ ಬಿಡುತ್ತಾರೆ.

ಇದನ್ನು ಮರೆತರೆ ಏನಾಗುತ್ತದೆ ಅನ್ನುವುದು ಸ್ಪೇನಿನಲ್ಲಿ 1978ರ ಜುಲೈ 11ರಂದು ಗೊತ್ತಾಯಿತು. ದ್ರವ ಪ್ರೊಪಿಲೀನ್ ತುಂಬಿದ ಟ್ಯಾಂಕರ್ ಸಮುದ್ರತೀರದ ಲೋಸ್ ಅಲ್ಫಾಕೆಸ್ ಅನ್ನುವ ಪ್ರವಾಸಿಗರ ಬಿಡಾರದ ಪಕ್ಕದ ರಸ್ತೆಯಲ್ಲಿ ಹೋಗುತ್ತಿತ್ತು. ಅದು ಹೊರಬಹುದಾಗಿದ್ದದ್ದು ಸುಮಾರು 19 ಟನ್. ತುಂಬಿದ್ದು 23 ಟನ್ನಿಗೂ ಜಾಸ್ತಿ. ಬೇಸಿಗೆಯ ಮಧ್ಯಾಹ್ನ. ಬಿಡಾರದ ಹತ್ತಿರವೇ ಟ್ಯಾಂಕ್ ಸಿಡಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಇಂಥ ಲಾರಿಗಳು ಊರಿನ ನಡುವೆ ಹಾದುಹೋಗುವುದಕ್ಕೆ ಆಮೇಲೆ ಅಲ್ಲಿ ನಿರ್ಬಂಧ ಬಂತು.

ಇನ್ನು ವಾಲ್ವ್. ಕೆಳಗಿನಿಂದ ಖಾಲಿ ಮಾಡುವ ಟ್ಯಾಂಕಿಗೆ ಒಂದರ ಹಿಂದೆ ಒಂದು ತಡೆ ಇರಬೇಕು ಅನ್ನುತ್ತದೆ ನಿಯಮ. ಮೊದಲನೆಯದ್ದು ಟ್ಯಾಂಕಿನ ಒಳಗೇ. ಎರಡನೆಯದ್ದು ಹೊರಗಿನ ಪೈಪಿನಲ್ಲಿ. ಅಪಾಯ ಜಾಸ್ತಿ ಇದ್ದರೆ ಪೈಪಿನ ತುದಿಗೆ ಬಿಗಿಯುವ ಮುಚ್ಚಳ ಮೂರನೆಯದ್ದು. ಗುದ್ದಿದಾಗ ಮೊದಲು ಕಿತ್ತುಹೋಗುವುದು ಹೊರಗಿನ ಪೈಪು. ಆಗ ಒಳಗಿನ ವಾಲ್ವ್ ಮುಚ್ಚಿಯೇ ಇದ್ದರೆ ಸರಕು ಒಳಗೇ ಉಳಿಯುತ್ತದೆ. ಹಾಗಾಗಿ ಪ್ರಯಾಣದುದ್ದಕ್ಕೂ ಒಳಗಿನ ವಾಲ್ವ್ ಮುಚ್ಚಿರಲೇಬೇಕು.

ಟ್ಯಾಂಕರ್ ಸುಲಭವಾಗಿ ಪಲ್ಟಿಯಾಗಲು ಅದರ ಎತ್ತರ ಕಾರಣ. ತೂಕವೆಲ್ಲ ನೆಲದಿಂದ ಮೇಲಿರುತ್ತದೆ. ಚಕ್ರಗಳು ನೆಲ ಮುಟ್ಟುವ ಅಗಲ, ತುಂಬಿದ ವಾಹನದ ಗುರುತ್ವ ಕೇಂದ್ರದ ಎತ್ತರದ ಶೇ 90ರಷ್ಟಾದರೂ ಇರಬೇಕು ಅಂತ ಎಡಿಆರ್ ಹೇಳುತ್ತದೆ. ಹಿಂದಿನ ಬಂಪರ್‌ಗೂ ಟ್ಯಾಂಕಿನ ಹಿಂಗೋಡೆಗೂ ನಡುವೆ ಕನಿಷ್ಠ 10 ಸೆಂ.ಮೀ. ಅಂತರ ಬೇಕು. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ಟನ್ನು ಮೊದಲು ಬಂಪರ್ ತಿನ್ನಲಿ ಅಂತ.

ಕಿಡಿಗೆ ದಾರಿ ಮುಚ್ಚುವುದು

ಇಂಧನ ಇದೆ, ಸುತ್ತ ಗಾಳಿ ಇದೆ. ಬೆಂಕಿಗೆ ಇನ್ನು ಬೇಕಾದದ್ದು ಕಿಡಿ ಮಾತ್ರ. ಹೊಗೆ ಕೊಳವೆಯಿಂದ ಕೆಂಡದ ಕಣ ಹಾರದಂತೆ ಸ್ಪಾರ್ಕ್ ಅರೆಸ್ಟರ್ ಹಾಕಿರಬೇಕು ಅಂತ ಭಾರತದ ನಿಯಮ ಹೇಳುತ್ತದೆ. ಯುರೋಪಿನಲ್ಲಿ ಹೊತ್ತಿಕೊಳ್ಳುವ ಸರಕಿನ ವಾಹನಕ್ಕೆ ಬ್ಯಾಟರಿಯ ಸಂಪರ್ಕವನ್ನು ಒಮ್ಮೆಲೇ ಕಡಿಯುವ ಸ್ವಿಚ್ ಕಡ್ಡಾಯ. ವೈರುಗಳೆಲ್ಲ ಕವಚದೊಳಗೆ ಇರಬೇಕು.

ಕಣ್ಣಿಗೆ ಕಾಣದ ಕಿಡಿಯೂ ಒಂದಿದೆ. ದ್ರವ ಪೈಪಿನಲ್ಲಿ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಅದು ಟ್ಯಾಂಕಿನಲ್ಲಿ ಸೇರುತ್ತಾ ಹೋಗಿ ಒಂದು ಹಂತದಲ್ಲಿ ಕಿಡಿಯಾಗಿ ಹಾರಬಹುದು. ಅದಕ್ಕೇ ಲೋಡ್ ಮಾಡುವ ಜಾಗದಲ್ಲಿ ಮೊದಲ ಕೆಲಸ ಅರ್ಥಿಂಗ್. ಪೈಪ್ ಜೋಡಿಸುವ ಮುಂಚೆ ಅರ್ಥಿಂಗ್ ವೈರಿನ ಕ್ಲಿಪ್ಪನ್ನು ಟ್ಯಾಂಕರ್‌ಗೆ ಸಿಕ್ಕಿಸುತ್ತಾರೆ. ಎಲ್ಲ ಮುಗಿದು ಪೈಪ್ ಬಿಚ್ಚಿದ ಮೇಲೇ ಅದನ್ನು ತೆಗೆಯುತ್ತಾರೆ. ಶುರುವಿನಲ್ಲಿ ದ್ರವವನ್ನು ನಿಧಾನ ಬಿಡುತ್ತಾರೆ, ಸೆಕೆಂಡಿಗೆ ಒಂದು ಮೀಟರ್ ವೇಗದ ಒಳಗೆ. ಪೈಪಿನ ಬಾಯಿ ದ್ರವದಲ್ಲಿ ಮುಳುಗಿದ ಮೇಲೆ ವೇಗ ಹೆಚ್ಚಿಸುತ್ತಾರೆ.

ಇದರಲ್ಲಿ ಹೊರಗಿನವರಿಗೆ ಹೊಳೆಯದ ಒಂದು ಅಪಾಯ ಇದೆ. ನಿನ್ನೆ ಪೆಟ್ರೋಲ್ ಒಯ್ದ ಟ್ಯಾಂಕಿಗೆ ಇವತ್ತು ಡೀಸೆಲ್ ತುಂಬುತ್ತಾರೆ ಅಂದುಕೊಳ್ಳಿ. ಡೀಸೆಲ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹಾಗಾಗಿ ಭಯ ಕಮ್ಮಿ ಅನ್ನಿಸುತ್ತದೆ. ಆದರೆ ಟ್ಯಾಂಕಿನಲ್ಲಿ ನಿನ್ನೆಯ ಪೆಟ್ರೋಲಿನ ಆವಿ ಇದೆ. ಡೀಸೆಲ್ ಹರಿಯುವಾಗ ಸ್ಥಿರ ವಿದ್ಯುತ್ತೂ ಹುಟ್ಟುತ್ತದೆ. ಎರಡೂ ಸೇರಿದರೆ ಸ್ಫೋಟ. ಹಿಂದಿನ ಲೋಡ್ ಏನಿತ್ತು ಅಂತ ಕೇಳಿಯೇ ತುಂಬಬೇಕು.

ಜೊತೆಗೆ ಇಡಬಾರದ್ದು

ಡ್ರಮ್ಮು, ಚೀಲಗಳಲ್ಲಿ ಸರಕು ಒಯ್ಯುವಾಗ ಯಾವುದರ ಪಕ್ಕ ಯಾವುದು ಇದೆ ಅನ್ನುವುದು ಮುಖ್ಯ. ಸಯನೈಡ್ ಮೇಲೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಯನೈಡ್ ಅನ್ನುವ ಕೊಲ್ಲುವ ಅನಿಲ ಏಳುತ್ತದೆ. ಸ್ಫೋಟಕಗಳನ್ನು ಬಹುತೇಕ ಯಾವುದರ ಜೊತೆಗೂ ಇಡುವಂತಿಲ್ಲ. ವಿಷದ ಜೊತೆ ಆಹಾರ ಪದಾರ್ಥ ಹಾಕುವಂತಿಲ್ಲ. ಎಲ್ಲವನ್ನೂ ಅಲುಗದಂತೆ ಕಟ್ಟಿರಬೇಕು.

ಚಾಲಕರ ಕೈಯಲ್ಲಿ

ಇಂಥ ಲಾರಿ ಓಡಿಸಲು ಹೆವಿ ಲೈಸೆನ್ಸ್ ಒಂದೇ ಸಾಲದು. ಭಾರತದಲ್ಲಿ ಚಾಲಕರು ಮೂರು ದಿನದ ತರಬೇತಿ ಮುಗಿಸಿರಬೇಕು. ಸಂವಿಧಾನದ 8ನೇ ಪರಿಚ್ಛೇದದ ಒಂದು ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು. ಈ ಲೈಸೆನ್ಸ್ ಮೂರು ವರ್ಷ ನಡೆಯುತ್ತದೆ, 2019ರ ತಿದ್ದುಪಡಿಗೆ ಮುಂಚೆ ಒಂದೇ ವರ್ಷ ಇತ್ತು. ಯುರೋಪಿನ ಪ್ರಮಾಣಪತ್ರಕ್ಕೆ ಐದು ವರ್ಷ.

ಓದು ಬರಹ ಯಾಕೆ ಅಂದ್ರೆ ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇರುತ್ತದೆ. ಒಳಗಿರುವುದು ಏನು, ಸೋರಿದರೆ ಏನು ಮಾಡಬೇಕು, ಮೈಮೇಲೆ ಬಿದ್ದರೆ ಏನು ಚಿಕಿತ್ಸೆ, ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ಸರಕಿನ ವಿವರ ಕೊಡುವ ಹೊಣೆ ಕಳಿಸುವವರದ್ದು, ಅದನ್ನು ಚಾಲಕರಿಗೆ ತಿಳಿಹೇಳುವ ಹೊಣೆ ಲಾರಿ ಮಾಲೀಕರದ್ದು. ಆದರೆ ಅಪಘಾತವಾದ ಮೊದಲ ಕೆಲವು ನಿಮಿಷ ಅಲ್ಲಿ ವಿಷಯ ಗೊತ್ತಿರುವವರು ಚಾಲಕರೊಬ್ಬರೇ. ಅವರಿಗೆ ಅರ್ಥವಾಗದ ಭಾಷೆಯ ಕಾರ್ಡ್ ಕೊಟ್ಟು ಕಳಿಸುವುದು ಅವರಿಗೂ ರಸ್ತೆಯಲ್ಲಿರುವ ಎಲ್ಲರಿಗೂ ಮಾಡುವ ಅನ್ಯಾಯ.

ಜೊತೆಗಿರಬೇಕಾದ ಸಾಮಾನನ್ನೂ ಎಡಿಆರ್ ಹೆಸರಿಸುತ್ತದೆ. ಚಕ್ರಕ್ಕೆ ಕೊಡುವ ಅಡ್ಡಗಟ್ಟೆ, ರಸ್ತೆಯಲ್ಲಿ ನಿಲ್ಲಿಸುವ ಎರಡು ಎಚ್ಚರಿಕೆ ಗುರುತು, ಟಾರ್ಚ್, ಕೈಗವಸು, ಕಣ್ಣಿನ ಕವಚ, ಹೆಚ್ಚಿನ ಸರಕುಗಳಿಗೆ ಕಣ್ಣು ತೊಳೆಯುವ ದ್ರವ. ವಿಷಾನಿಲವಾದರೆ ತಪ್ಪಿಸಿಕೊಳ್ಳಲು ಮುಖವಾಡ. ಎಣ್ಣೆ, ಆಸಿಡ್‌ನಂಥದ್ದಾದರೆ ಸಲಿಕೆ ಮತ್ತು ಚರಂಡಿಯ ಬಾಯಿ ಮುಚ್ಚುವ ಹಾಳೆ. 7.5 ಟನ್ ಮೀರಿದ ವಾಹನದಲ್ಲಿ ಒಟ್ಟು 12 ಕೆ.ಜಿ. ಪುಡಿಯ ಬೆಂಕಿ ಆರಿಸುವ ಸಿಲಿಂಡರ್‌ಗಳು. ಅವು ಎಂಜಿನ್ ಅಥವಾ ಟೈರಿನ ಸಣ್ಣ ಬೆಂಕಿಯನ್ನು ಸರಕಿನವರೆಗೆ ಹೋಗದಂತೆ ತಡೆಯಲು. ಸರಕಿಗೇ ಹೊತ್ತಿಕೊಂಡರೆ ಚಾಲಕರು ಆರಿಸಲು ನಿಲ್ಲಬಾರದು, ದೂರ ಓಡಬೇಕು.

ಖಾಲಿ ಟ್ಯಾಂಕರ್ ಖಾಲಿಯಲ್ಲ

ಇಳಿಸಿ ವಾಪಸ್ ಹೋಗುವ ಟ್ಯಾಂಕರ್ ಮೇಲೂ ಫಲಕ ಇರಲೇಬೇಕು. ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಅದು ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಮಾತ್ರ. ತುಂಬಿದ ಟ್ಯಾಂಕಿನಲ್ಲಿ ಆವಿ ಇದಕ್ಕಿಂತ ದಟ್ಟ ಇರುತ್ತದೆ. ಖಾಲಿ ಟ್ಯಾಂಕಿನೊಳಗೆ ಗಾಳಿ ಹೊಕ್ಕರೆ ಮಿಶ್ರಣ ಇದೇ ಅಳತೆಗೆ ಇಳಿಯಬಹುದು. ತೊಳೆದು ಆವಿಯೆಲ್ಲ ಹೋಗುವವರೆಗೆ ಫಲಕ ತೆಗೆಯುವಂತಿಲ್ಲ. ಖಾಲಿ ಅಂದುಕೊಂಡು ವೆಲ್ಡಿಂಗ್ ಮಾಡಲು ಹೋಗುವುದು ಜೀವಕ್ಕೇ ಎರವಾಗುತ್ತದೆ.

ಎದುರಿಗೆ ಟ್ಯಾಂಕರ್ ಬಿದ್ದಿದ್ದರೆ

2017ರ ಜೂನ್ 25ರಂದು ಪಾಕಿಸ್ತಾನದ ಅಹ್ಮದ್‌ಪುರ್ ಶರ್ಕಿಯಾ ಬಳಿ ಇಂಧನದ ಟ್ಯಾಂಕರ್ ಉರುಳಿತು. ಸುತ್ತಲ ಹಳ್ಳಿಯವರು ಪಾತ್ರೆ, ಕ್ಯಾನು ಹಿಡಿದು ಬಂದರು. ಬೆಂಕಿ ಹತ್ತಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಸೋರಿಕೆಯಿಂದ ದೂರ ನಿಂತವರ ಕಾಲ ಬುಡದಲ್ಲೂ ಅದು ಇರಬಹುದು. ಎಲ್‌ಪಿಜಿ, ಕ್ಲೋರಿನ್ ಕೂಡ ಗಾಳಿಗಿಂತ ಭಾರ. ಒಂದು ಲೀಟರ್ ದ್ರವ ಎಲ್‌ಪಿಜಿ ಸೋರಿದರೆ ಸುಮಾರು 250 ಲೀಟರ್ ಅನಿಲ ಆಗುತ್ತದೆ.

ಹಾಗಾಗಿ ದೂರ ಹೋಗುವುದೇ ಮೊದಲ ಕೆಲಸ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ತಗ್ಗಿನಿಂದ ಎತ್ತರಕ್ಕೆ. ಆವಿಯ ವಾಸನೆ ಬರುವಷ್ಟು ಹತ್ತಿರ ಇದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಇಳಿದು ನಡೆಯಿರಿ. ಎಷ್ಟು ದೂರ ಅನ್ನುವುದಕ್ಕೆ ಉತ್ತರ ಅಮೆರಿಕದ ತುರ್ತು ಸಿಬ್ಬಂದಿಯ ಕೈಪಿಡಿಯಲ್ಲಿ ಅಳತೆ ಇದೆ. ಪೆಟ್ರೋಲ್ ಟ್ಯಾಂಕರ್‌ಗೆ ಬೆಂಕಿ ಬಿದ್ದರೆ ಎಲ್ಲ ದಿಕ್ಕಿಗೂ 800 ಮೀಟರ್. ಎಲ್‌ಪಿಜಿ ಟ್ಯಾಂಕರ್ ಆದರೆ 1,600 ಮೀಟರ್, ಅಂದ್ರೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ.

ಎಲ್‌ಪಿಜಿಗೆ ಅಷ್ಟು ದೂರ ಯಾಕೆ? ಬೆಂಕಿ ಟ್ಯಾಂಕನ್ನು ಹೊರಗಿನಿಂದ ಕಾಯಿಸುತ್ತದೆ. ದ್ರವ ಇರುವ ಕಡೆ ಉಕ್ಕಿನ ಬಿಸಿಯನ್ನು ದ್ರವ ಹೀರಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಬರೀ ಆವಿ ಇರುವಲ್ಲಿ ಉಕ್ಕು ಕಾದು ಮೆತ್ತಗಾಗುತ್ತದೆ. ಒಳಗಿನ ಒತ್ತಡ ಏರುತ್ತಲೇ ಇರುತ್ತದೆ. ಒಂದು ಗಳಿಗೆಯಲ್ಲಿ ಟ್ಯಾಂಕ್ ಸೀಳುತ್ತದೆ, ಒಳಗಿನ ದ್ರವವೆಲ್ಲ ಒಮ್ಮೆಲೇ ಕುದಿದು ಬೆಂಕಿಯುಂಡೆಯಾಗುತ್ತದೆ, ಉಕ್ಕಿನ ತುಂಡುಗಳು ನೂರಾರು ಮೀಟರ್ ಹಾರುತ್ತವೆ. ಮೊದಲ ಬೆಂಕಿಯಿಂದ ಇಲ್ಲಿಗೆ ಬರಲು ಕೆಲವೇ ನಿಮಿಷ ಸಾಕಾಗಬಹುದು. ನಿಂತು ವಿಡಿಯೋ ಮಾಡುವವರು ಕಳೆದುಕೊಳ್ಳುವುದು ಇದೇ ನಿಮಿಷಗಳನ್ನು.

ದೂರ ಹೋದ ಮೇಲೆ ಫೋನ್ ಮಾಡಿ. ಭಾರತದಲ್ಲೂ ಯುರೋಪಿನಲ್ಲೂ ತುರ್ತು ಸಂಖ್ಯೆ 112. ಜಾಗ ಹೇಳಿ, ಗಾಯಗೊಂಡವರಿದ್ದರೆ ಹೇಳಿ, ಫಲಕದ ನಾಲ್ಕು ಅಂಕಿ ಹೇಳಿ. ಟ್ಯಾಂಕರ್ ಪಲ್ಟಿಯಾಗಿದೆ ಅಂತಷ್ಟೇ ಗೊತ್ತಾದರೆ ಅಗ್ನಿಶಾಮಕ ದಳದವರು ನೀರು ಒಯ್ಯಬೇಕೋ ನೊರೆ ಒಯ್ಯಬೇಕೋ ತಿಳಿಯದೆ ಹೊರಡಬೇಕಾಗುತ್ತದೆ. 1017 ಅಂದರೆ ಅದು ಕ್ಲೋರಿನ್ ಅಂತ ಗೊತ್ತಾಗಿ ಮುಖವಾಡ ಸಿದ್ಧಮಾಡಿಕೊಂಡೇ ಬರುತ್ತಾರೆ. ಅಂಕಿ ಕಾಣದಿದ್ದರೆ ಓದಲೆಂದು ಹತ್ತಿರ ಹೋಗಬೇಡಿ. ವಜ್ರಾಕಾರದ ಗುರುತು ಯಾವ ಬಣ್ಣದ್ದು, ಅದರಲ್ಲಿರುವ ಚಿತ್ರ ಜ್ವಾಲೆಯೋ, ತಲೆಬುರುಡೆಯೋ, ಕೈ ಮೇಲೆ ಹನಿಯುವ ಆಸಿಡ್ಡೋ ಅಂತ ಹೇಳಿದರೂ ಅವರಿಗೆ ಅರ್ಧ ವಿಷಯ ತಿಳಿದ ಹಾಗೆ.